ಹಿತ್ತಲು ಚೊಕ್ಕಟ ಮಾಡಿದ್ದು

ಮೂರು ದಿನದ ತರಬೇತಿ ಮುಗಿಸಿ, ಪ್ರಮಾಣಪತ್ರ ಹಿಡಿದು ಮನೆಗೆ ಬಂದ ಗಂಡನನ್ನು ಬೇರೆ ಮನೆಗಳಲ್ಲಿ ಹೇಗೆ ಬರಮಾಡಿಕೊಳ್ಳುತ್ತಾರೋ ನನಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಶಾಮಲಮ್ಮನವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಕಾಗದ ಗಟ್ಟಿಯಾಗಿದೆ, ಬೇಳೆ ಡಬ್ಬದ ತಳಕ್ಕೆ ಹಾಕಬಹುದು ಎಂದರು. (ಮನಸ್ಸಿಗೆ ನೋವಾದಾಗ ನಾನು ಹೆಂಡತಿಯನ್ನು ಬಹುವಚನದಲ್ಲಿ ಕರೆಯುತ್ತೇನೆ. ಮದುವೆಯಾಗಿ ಮೂವತ್ತೊಂದು ವರ್ಷವಾಯಿತು, ಏಕವಚನ ಬಳಸಿದ ದಿನಗಳು ಕಡಿಮೆ, ಇಲ್ಲಿಂದ ಮುಂದೆ ಬಳಸುತ್ತೇನೆ.) ಅದರ ಮೇಲೆ ನೀಲಿ ಅಕ್ಷರದಲ್ಲಿ 'ಶ್ರೀ ಕಾಂತರಾಜ್, ನಿವೃತ್ತ ಗಣಿತ ಶಿಕ್ಷಕರು, ಪೌಷ್ಟಿಕ ಕೈತೋಟದ ಸಂಪನ್ಮೂಲ ವ್ಯಕ್ತಿ' ಎಂದು ಅಚ್ಚಾಗಿತ್ತು. ಅರವತ್ತೆರಡು ವರ್ಷ ಬರೀ ವ್ಯಕ್ತಿಯಾಗಿದ್ದವನು ಅಂದಿನಿಂದ ಸಂಪನ್ಮೂಲ ವ್ಯಕ್ತಿಯಾಗಿದ್ದೆ. ಮನೆಯಲ್ಲಿ ಯಾರಿಗೂ ಅದರ ಪರಿವೆ ಇರಲಿಲ್ಲ.

ತರಬೇತಿಗೆ ನಾನು ಹೋಗಿದ್ದು ಮಧ್ಯಾಹ್ನದ ಊಟದ ಆಸೆಗೆ ಎಂದು ಊರಿನಲ್ಲಿ ಕೆಲವರು ಹೇಳುತ್ತಾರೆ. ಅದು ಸುಳ್ಳು. ನಮ್ಮ ಮಗಳು ತ್ರಿವೇಣಿ ಮಾಲೂರಿನ ಗಂಡನ ಮನೆಯಿಂದ ಐದು ತಿಂಗಳ ಬಸುರಿಯಾಗಿರುವಾಗಲೇ ತವರಿಗೆ ಬಂದುಬಿಟ್ಟಿದ್ದಳು. ವಾಂತಿ ನಿಲ್ಲುತ್ತಿರಲಿಲ್ಲ. ಮುಖ ಬಿಳಿಚಿಕೊಂಡಿತ್ತು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಮುಳಬಾಗಿಲಿನ ಡಾಕ್ಟರಮ್ಮ ಪರೀಕ್ಷೆ ಮಾಡಿಸಿ, ರಕ್ತ ಹನ್ನೊಂದು ಪಾಯಿಂಟು ಇರಬೇಕಾದ ಕಡೆ ಎಂಟಿದೆ ಎಂದರು. ಕಬ್ಬಿಣದ ಮಾತ್ರೆ ಒಳಗೆ ಹೋದ ಹತ್ತು ನಿಮಿಷಕ್ಕೆ ಹೊರಗೆ ಬರುತ್ತಿತ್ತು. ಸೂಜಿಯಲ್ಲಿ ಕೊಟ್ಟರೆ ಮೈಯೆಲ್ಲ ದದ್ದು ಎದ್ದಿತು. ಹಾಗಾಗಿ ಊಟದಲ್ಲೇ ಏರಿಸಬೇಕು, ದಿನಾ ಸೊಪ್ಪು ತರಕಾರಿ ತಿನ್ನಿಸಿ, ಏಳಕ್ಕಿಂತ ಕೆಳಗೆ ಇಳಿದರೆ ಕೋಲಾರಕ್ಕೆ ಹೋಗಿ ರಕ್ತ ಹಾಕಿಸಬೇಕಾಗುತ್ತದೆ, ಇಷ್ಟು ಕಡಿಮೆ ಇಟ್ಟುಕೊಂಡು ಹೆರಿಗೆಗೆ ಬಂದರೆ ಜೀವಕ್ಕೇ ಕಷ್ಟ ಎಂದು ಬಿಡಿಸಿ ಹೇಳಿದರು. ಶಾಮಲಮ್ಮನ ತಂಗಿ ಹೆರಿಗೆಯಲ್ಲೇ ಹೋದವಳು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಆ ಹೆಸರನ್ನು ಯಾರೂ ಎತ್ತಲಿಲ್ಲ, ಎತ್ತಬೇಕಾಗಿಯೂ ಇರಲಿಲ್ಲ.

ತಾಯಲೂರಿನ ಪಕ್ಕದಲ್ಲಿದ್ದುಕೊಂಡು ತರಕಾರಿಗೆ ಬರವೇ ಎಂದು ನೀವು ಕೇಳಬಹುದು. ನಮ್ಮ ಊರಿನ ಸುತ್ತ ಕಣ್ಣು ಹಾಯಿಸಿದಷ್ಟು ದೂರ ಟೊಮೆಟೊ. ಬೆಳಗ್ಗೆ ಎದ್ದರೆ ಟೊಮೆಟೊ ಕ್ರೇಟು, ಟೊಮೆಟೊ ಟೆಂಪೊ, ಟೊಮೆಟೊ ಮಾತು. ಅದು ಕೋಲಾರದ ಮಂಡಿಗೆ ಹೋಗಿ ಅಲ್ಲಿಂದ ದೇಶ ಸುತ್ತಲು ಹೊರಡುತ್ತದೆ. ಊರಿನ ಅಂಗಡಿಯಲ್ಲಿ ಒಂದು ಹೀರೇಕಾಯಿ ಬೇಕೆಂದರೆ ಮಾತ್ರ ಗುರುವಾರದ ತನಕ ಕಾಯಬೇಕು. ಗುರುವಾರ ಬರುವ ಹೀರೇಕಾಯಿ ನನಗಿಂತ ಮುಂಚೆಯೇ ನಿವೃತ್ತವಾದದ್ದು. ಹೊಲದಲ್ಲಿ ಟೊಮೆಟೊ ಸಾಲಿಗೆಲ್ಲ ಪ್ಲಾಸ್ಟಿಕ್ ಹಾಳೆ ಹೊದಿಸಿ, ಬದುಗಳಿಗೆಲ್ಲ ಕಳೆ ಔಷಧಿ ಹೊಡೆದು, ಒಂದು ಹುಲ್ಲುಕಡ್ಡಿಯೂ ತಲೆ ಎತ್ತದ ಹಾಗೆ ಇಟ್ಟಿರುತ್ತಾರೆ.

ಕಳೆ ತಲೆ ಎತ್ತಿಕೊಂಡು ಮೆರೆಯುತ್ತಿದ್ದದ್ದು ನಮ್ಮ ಹಿತ್ತಲಿನಲ್ಲಿ. ಬಾವಿಯ ಹಿಂದೆ ಹತ್ತು ಗುಂಟೆ ಜಾಗ, ಉತ್ತವರಿಲ್ಲ, ಬಿತ್ತವರಿಲ್ಲ. ದಿನಾ ಬೆಳಗ್ಗೆ ಹಿಂದಿನ ಬೀದಿಯ ದೊಡ್ಡಗಂಗಮ್ಮ ಟೊಮೆಟೊ ಕೀಳುವ ಕೂಲಿಗೆ ಹೋಗುವ ಮುಂಚೆ ಅಲ್ಲಿಗೆ ಬಂದು, ಬಗ್ಗಿಕೊಂಡು ಏನೇನೋ ಚಿವುಟುತ್ತಿದ್ದಳು. ಅಣ್ಣೆ, ಗೋಣಿ, ಗಣಿಕೆ, ಹೊನಗೊನ್ನೆ, ಇನ್ನೂ ಹೆಸರು ನೆನಪಿರದ ಏಳೆಂಟು. ಎಲ್ಲ ಸೇರಿ ಬೆರಕೆ ಸೊಪ್ಪು. ಅರ್ಧ ತನ್ನ ಮೊಮ್ಮಕ್ಕಳಿಗೆ ಮಡಿಲಲ್ಲಿ ಕಟ್ಟಿಕೊಂಡು, ಅರ್ಧ ನಮ್ಮ ಅಡುಗೆಮನೆ ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದಳು. ಶಾಮಲಮ್ಮ ಅದನ್ನು ಬೇಯಿಸಿ, ಬಸಿದು, ಬಸಿದ ನೀರಿಗೆ ಖಾರ ಅರೆದು ಹಾಕಿ ಬಸ್ಸಾರು ಮಾಡುತ್ತಿದ್ದಳು, ಸೊಪ್ಪಿಗೆ ಒಗ್ಗರಣೆ ಕೊಟ್ಟು ಪಲ್ಯ. ತ್ರಿವೇಣಿಯ ಹೊಟ್ಟೆಯಲ್ಲಿ ಏನಾದರೂ ನಿಂತರೆ ಅದೊಂದೇ ನಿಲ್ಲುತ್ತಿತ್ತು.

ನನ್ನ ಕಣ್ಣಿಗೆ ಮಾತ್ರ ಅದು ದಾರಿದ್ರ್ಯದ ಪ್ರದರ್ಶನದಂತೆ ಕಾಣುತ್ತಿತ್ತು. ತುಂಬು ಬಸುರಿಯಾಗಲಿರುವ ಮಗಳಿಗೆ ಕಳೆ ಬೇಯಿಸಿ ಹಾಕುವುದೇ? ತರಬೇತಿಯ ಪರದೆಯ ಮೇಲೆ ಕ್ಯಾರೆಟ್ಟು, ಬೀಟ್‌ರೂಟು, ಮೂರು ಬಣ್ಣದ ದೊಣ್ಣೆಮೆಣಸಿನಕಾಯಿ, ಮರದ ಬೊನ್ಸಾಯಿಯಂಥ ಬ್ರೊಕೊಲಿ, ಇವೆಲ್ಲ ಮಿರಮಿರ ಮಿಂಚಿದ್ದವು. ಮಡಿಗಳಿಗೆ ಅಳತೆ ಕೊಟ್ಟಿದ್ದರು. ಮೊದಲನೆಯ ಪಾಠವೇ ಜಾಗವನ್ನು ಕಳೆಮುಕ್ತಗೊಳಿಸುವುದು. (ಕೈಯಿಂದ ಕೀಳಬೇಕು ಎಂದು ಅವರು ಹೇಳಿದ್ದರಂತೆ. ಆಗ ನಾನು ಚಹಾಕ್ಕೆ ಹೋಗಿದ್ದಿರಬೇಕು.)

ಶಾಮಲಮ್ಮನಿಗೆ ಇದರ ಸುಳಿವು ಸಿಕ್ಕಿತು. ಟೇಕಲ್ಲಿನಲ್ಲಿ ಅಣ್ಣನ ಮಗಳ ನಿಶ್ಚಿತಾರ್ಥಕ್ಕೆ ಎರಡು ದಿನ ಹೊರಟವಳು, ಚಪ್ಪಲಿ ಮೆಟ್ಟಿಕೊಂಡ ಮೇಲೂ ತಿರುಗಿ ಬಂದು ಹೇಳಿದಳು.

"ಹಿತ್ತಲಿಗೆ ಮಾತ್ರ ಕೈ ಹಾಕ್ಬೇಡ್ರೀ. ಮಿಕ್ಕಿದ್ದು ಏನಾದ್ರೂ ಮಾಡ್ಕೊಳ್ಳಿ."

ನಮ್ಮ ಮನೆಯಲ್ಲಿ ಹಿತ್ತಲು ಬಿಟ್ಟರೆ ಮಿಕ್ಕಿದ್ದು ಒಂದು ಟಿವಿ ಮತ್ತು ನಾನು ಕೂರುವ ಕುರ್ಚಿ. ಅವುಗಳಿಗೆ ಮಾಡುವುದು ಏನಿರುತ್ತದೆ? ಬಸ್ಸು ಊರು ದಾಟುತ್ತಲೇ ನಾನು ತಾಯಲೂರಿಗೆ ಹೋಗಿ, ನನ್ನ ಹಳೆಯ ಶಿಷ್ಯ ಅನಿಲ್‌ಕುಮಾರನ ಔಷಧಿ ಅಂಗಡಿಯಿಂದ ಕಳೆನಾಶಕ ತಂದೆ. ಒಂದು ಟ್ಯಾಂಕಿಗೆ ಇಷ್ಟೇ ಮಿಲಿ ಹಾಕಿ ಎಂದು ಅವನು ಹೇಳಿದ. ಹತ್ತನೇ ತರಗತಿಯಲ್ಲಿ ಅವನಿಗೆ ಗಣಿತದಲ್ಲಿ ಮೂವತ್ತೈದು ಬಂದಿತ್ತು, ಅದರಲ್ಲೂ ನಾಲ್ಕು ನಾನೇ ಕೊಟ್ಟದ್ದು. ಅಂಥವನ ಲೆಕ್ಕ ನಂಬುವುದು ಹೇಗೆ ಎಂದು ಎರಡರಷ್ಟು ಹಾಕಿ ಹೊಡೆದೆ.

ಮೂರನೆಯ ದಿನ ಶಾಮಲಮ್ಮ ಬರುವ ಹೊತ್ತಿಗೆ ಹಿತ್ತಲು ಅರಿಶಿನ ಎರಚಿದ ಹಾಗೆ ಇತ್ತು. ಅವಳು ಕೂಗಾಡುತ್ತಾಳೆ ಎಂದು ನಾನು ಉತ್ತರಗಳನ್ನು ಸಿದ್ಧಪಡಿಸಿಟ್ಟುಕೊಂಡಿದ್ದೆ. ಅವಳು ಕೂಗಾಡಲಿಲ್ಲ. ಬಾವಿಕಟ್ಟೆಯ ಹತ್ತಿರ ಬಗ್ಗಿ ಒಂದು ಗಿಡ ಕಿತ್ತು, ಬೇರು ನೋಡಿ ಎಸೆದಳು. ಶಾಮಲಮ್ಮ ಇಲ್ಲದ ದಿನಗಳಲ್ಲಿ ಬಾರದಿದ್ದ ದೊಡ್ಡಗಂಗಮ್ಮ ಮರುದಿನ ಬೆಳಗ್ಗೆ ಬುಟ್ಟಿ ಹಿಡಿದು ಬಂದವಳು ಬೇಲಿಯ ಹತ್ತಿರವೇ ನಿಂತಳು. ಅವಳ ಊರು ರಾಯಲ್ಪಾಡಿನ ಕಡೆ, ಸಂಕಟವಾದಾಗ ಬಾಯಿಗೆ ತೆಲುಗೇ ಬರುತ್ತದೆ. "ಅಯ್ಯೋ ದೇವುಡಾ" ಎಂದಳು, ಬುಟ್ಟಿಯನ್ನು ಬೋರಲು ಹಾಕಿ ಕಂಕುಳಲ್ಲಿಟ್ಟುಕೊಂಡು ಹೋದಳು. ಅವಳ ಮೊಮ್ಮಕ್ಕಳು ಅವತ್ತು ಮುದ್ದೆಗೆ ಏನು ನೆಂಚಿಕೊಂಡವೋ ನನಗೆ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳಬೇಕು ಎಂದೂ ನನಗೆ ಆಗ ತೋಚಲಿಲ್ಲ, ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ನಾನು ಮಡಿ ಕಟ್ಟಿದೆ. ಅಳತೆ ಟೇಪು ಹಿಡಿದು, ದಾರ ಕಟ್ಟಿ, ಮೂಲೆಗಳೆಲ್ಲ ಸರಿಯಾಗಿ ತೊಂಬತ್ತು ಡಿಗ್ರಿ ಬರುವ ಹಾಗೆ. ಒಂದೊಂದು ಮಡಿಗೂ ಹೆಸರಿನ ಹಲಗೆ ನೆಟ್ಟೆ. ಹಲಗೆಗಳು ಬಹಳ ಚೆನ್ನಾಗಿ ಬಂದವು. ಗಿಡಗಳ ಬಗ್ಗೆ ಹಾಗೆ ಹೇಳಲಾರೆ. ಬೀಟ್‌ರೂಟು ಏಳಲಿಲ್ಲ, ಬ್ರೊಕೊಲಿ ಎದ್ದು ಮನಸ್ಸು ಬದಲಾಯಿಸಿತು, ಪಾಲಕ್ ಮಾತ್ರ ಬೆರಳುದ್ದ ಬಂದು ಎಲೆ ಮುದುರಿಕೊಂಡು ನಿಂತಿತು. ಅಷ್ಟರಲ್ಲಿ ಮಗಳ ಆಹಾರದ ಜವಾಬ್ದಾರಿ ನನ್ನದೇ ಎಂದು ಘೋಷಿಸಿ, ಗುರುವಾರದ ಎಲೆಕೋಸು, ಗುರುವಾರದ ಮೂಲಂಗಿ ತಂದು ಅಡುಗೆ ಮಾಡಿಸಿದೆ. ಎಲೆಕೋಸಿನ ವಾಸನೆ ಒಲೆಯಿಂದ ಹೊರಟರೆ ಸಾಕು, ತ್ರಿವೇಣಿ ಬಾಯಿಗೆ ಸೆರಗು ಒತ್ತಿಕೊಂಡು ಹಿತ್ತಲಿಗೆ ಓಡುತ್ತಿದ್ದಳು. ಅವಳು ಅಲ್ಲಿ ಬಗ್ಗಿ ನಿಂತಿರುವಾಗ ನಾನು ಬಾಗಿಲಲ್ಲಿ ನಿಂತು ಜೀವಸತ್ವಗಳ ಬಗ್ಗೆ ತಿಳಿಸುತ್ತಿದ್ದೆ.

ಮೂರು ವಾರಕ್ಕೆ ರಕ್ತ ಏಳು ಪಾಯಿಂಟ್ ಎರಡಕ್ಕೆ ಇಳಿಯಿತು. ಡಾಕ್ಟರಮ್ಮ ಕನ್ನಡಕ ತೆಗೆದು, ಮನೆಯಲ್ಲಿ ಏನು ಕೊಡುತ್ತಿದ್ದೀರಿ ಎಂದು ಕೇಳಿದರು. ನಾನು ಕೈತೋಟದ ನಕ್ಷೆ ತೆಗೆದು ತೋರಿಸಿದೆ. ಅವರು ಅದನ್ನು ಮಡಿಸಿ ನನ್ನ ಕೈಗೇ ಕೊಟ್ಟು, ಇನ್ನು ಏಳಕ್ಕಿಂತ ಕೆಳಗೆ ಇಳಿದರೆ ಇಲ್ಲಿಗೆ ಬರಬೇಡಿ, ನೇರ ಕೋಲಾರಕ್ಕೆ ಹೋಗಿ ಎಂದರು. ಆ ದಿನ ಮನೆಗೆ ಬಂದ ಮೇಲೆ ತ್ರಿವೇಣಿ ಚಾಪೆಯ ಮೇಲೆ ಗೋಡೆ ಕಡೆ ತಿರುಗಿ ಮಲಗಿದಳು. ನಾನು ತೋಟಕ್ಕೆ ಹೋಗಿ ಪಾಲಕ್ಕಿಗೆ ಇನ್ನೊಂದು ಬಕೆಟ್ ನೀರು ಹಾಕಿ ಬಂದೆ, ಬೇರೆ ಏನು ಮಾಡಬೇಕೋ ತಿಳಿಯಲಿಲ್ಲ.

ನಾಲ್ಕು ದಿನ ಬಿಟ್ಟು ತಟ್ಟೆಗೆ ಬಸ್ಸಾರು ಬಂತು. ಪಕ್ಕದಲ್ಲಿ ಒಂದು ಹಿಡಿ ಪಲ್ಯ. ಸೊಪ್ಪು ಎಲ್ಲಿಯದು ಎಂದು ಕೇಳಿದೆ. ಶಾಮಲಮ್ಮ ಒಲೆ ನೋಡಿಕೊಂಡು, ಹಿತ್ತಲಿನದು ಎಂದಳು. ನನ್ನ ಕಣ್ಣು ತುಂಬಿ ಬಂತು. ಬೆಳಗ್ಗೆ ನೋಡಿದಾಗ ಪಾಲಕ್ ಬೆರಳುದ್ದವೇ ಇತ್ತು, ಮರುದಿನ ನೋಡಿದಾಗಲೂ ಅಷ್ಟೇ ಇತ್ತು. ಇವಳು ಅಷ್ಟು ಹುಷಾರಾಗಿ ಕೊಯ್ಯುತ್ತಾಳೆ, ಕೊಯ್ದದ್ದೇ ಗೊತ್ತಾಗುವುದಿಲ್ಲ ಎಂದು ತೀರ್ಮಾನಿಸಿದೆ. ಬೆಂದ ಮೇಲೆ ಎಲ್ಲ ಸೊಪ್ಪೂ ಒಂದೇ, ನನ್ನಂಥವನಿಗೆ ಬೇಯುವ ಮುಂಚೆಯೂ ಒಂದೇ. ದಿನಾ ಬಸ್ಸಾರು. ತ್ರಿವೇಣಿ ಎರಡನೆಯ ಸಲ ಬಡಿಸಿಕೊಂಡು ಉಣ್ಣತೊಡಗಿದಳು. ತಿಂಗಳಿಗೆ ರಕ್ತ ಎಂಟು ಪಾಯಿಂಟ್ ಆರು. ಡಾಕ್ಟರಮ್ಮ ನಕ್ಕರು. ನಾನು ಆ ನಗುವನ್ನು ನನ್ನ ಖಾತೆಗೆ ಹಾಕಿಕೊಂಡೆ.

ಸುದ್ದಿ ಹಬ್ಬಿತು. (ಹಬ್ಬಿಸಿದವನು ನಾನೇ.) ಪಂಚಾಯಿತಿ ಅಧ್ಯಕ್ಷ ಶಿವಕುಮಾರ್ ನನ್ನನ್ನು ಕರೆಸಿ, ಹೆಂಗಸರ ಸಭೆಯಲ್ಲಿ ಭಾಷಣ ಮಾಡಿಸಿದ. ಒಂದು ಗಂಟೆ ಮಾತಾಡಿದೆ. ಗರ್ಭಿಣಿಯರು ಮನೆಯಲ್ಲಿ ಎಲ್ಲರಿಗಿಂತ ಮೊದಲು ಊಟ ಮಾಡಬೇಕು, ಸೊಪ್ಪು ತರಕಾರಿ ಮೊದಲು ಅವರ ತಟ್ಟೆಗೆ ಬೀಳಬೇಕು ಎಂದು ಮೇಜು ಕುಟ್ಟಿ ಹೇಳಿದೆ. ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೆಚ್ಚುಗೆ ಎಂದುಕೊಂಡೆ. ಸಭೆ ಮುಗಿದ ಮೇಲೆ ಶಿವಕುಮಾರ್ ಮೆಲ್ಲಗೆ, ಮುಂದಿನ ವಾರ ಮೇಲಿನವರು ಊರು ನೋಡಲು ಬರುತ್ತಾರೆ, ಎಲ್ಲ ಚೊಕ್ಕಟವಾಗಿರಬೇಕು, ಮಸಣದ ತುಂಬ ಗಿಡಗಂಟೆ ಬೆಳೆದಿದೆ, ಕೂಲಿಯವರೂ ಸಿಕ್ಕುತ್ತಿಲ್ಲ, ಏನು ಮಾಡುವುದು ಮೇಷ್ಟ್ರೇ ಎಂದ. ಏನು ಮಾಡುವುದು ಎಂದು ಕೇಳಿದರೆ ಸಂಪನ್ಮೂಲ ವ್ಯಕ್ತಿ ಸುಮ್ಮನಿರಲು ಆಗುತ್ತದೆಯೇ? ನಾನು ಔಷಧಿಯ ಹೆಸರು ಬರೆದುಕೊಟ್ಟೆ.

ಡಿಸೆಂಬರಿನ ಮಂಜು ಬಿದ್ದ ಬೆಳಗ್ಗೆ ಆರು ಗಂಟೆಗೆ ಪಂಚಾಯಿತಿಯ ನೀರುಗಂಟಿ ಮುನಿಕೃಷ್ಣ ಟ್ಯಾಂಕು ಬೆನ್ನಿಗೆ ಹಾಕಿಕೊಂಡು ಬಂದ, ನಾನು ಮಫ್ಲರ್ ಸುತ್ತಿಕೊಂಡು ನಿಂತು ಮೇಲ್ವಿಚಾರಣೆ ಮಾಡಿದೆ. ಒಂದೂ ಗುಡ್ಡೆ ಬಿಡದೆ ಹೊಡೆಸಿದೆ. ನನ್ನ ಅಮ್ಮ ಅಲ್ಲೇ ಹುಣಸೆ ಮರದ ಪಕ್ಕ ಮಲಗಿದ್ದಾಳೆ, ಮೂರು ವರ್ಷವಾಯಿತು. ಅವಳ ಜಾಗದ ಮೇಲೆ ಹಸಿರು ಮಂಡಿಯುದ್ದ ಬೆಳೆದಿತ್ತು. ಮಗನಾಗಿ ನೋಡಿ ಬೇಸರವಾಯಿತು. ಅಲ್ಲಿ ಎರಡು ಸಲ ಹೊಡೆಸಿದೆ. ಏಳಕ್ಕೆ ಕೆಲಸ ಮುಗಿಸಿ, ಅಲ್ಲಿಂದ ಸೀದಾ ಪಂಚಾಯಿತಿ ಆಫೀಸಿಗೆ ಹೋಗಿ, ಸ್ವಾಗತ ಭಾಷಣ ಬರೆದು, ಮಧ್ಯಾಹ್ನ ಒಂದು ಗಂಟೆಗೆ ಹಸಿದು ಮನೆಗೆ ಬಂದೆ.

ಬಂದವನು ಕೈ ತೊಳೆದು ಕೂತೆ. ಶಾಮಲಮ್ಮ ಬಡಿಸಿದಳು. ಎರಡು ಮುದ್ದೆ, ಎರಡು ಸಲ ಬಸ್ಸಾರು, ಮೂರು ಸಲ ಪಲ್ಯ. ಗರ್ಭಿಣಿ ಮೊದಲು ಉಣ್ಣಬೇಕು ಎಂಬುದು ಸಭೆಯ ಮಾತು. ನಮ್ಮ ಮನೆಯಲ್ಲಿ ನಾನು ಎದ್ದ ಮೇಲೆ ತಾಯಿ ಮಗಳು ಕೂರುವುದು, ನನ್ನ ಅಮ್ಮನ ಕಾಲದಿಂದಲೂ ಹಾಗೇ. ನಾನು ತೇಗಿ, ಗೋಡೆಗೆ ಒರಗಿ, ಬೆಳಗಿನ ಸಾಧನೆಯನ್ನು ವರ್ಣಿಸತೊಡಗಿದೆ. ತ್ರಿವೇಣಿ ತಟ್ಟೆ ಹಾಕಿಕೊಂಡು ಕೂತು ಮುದ್ದೆ ಮುರಿದು ಸಾರಿಗೆ ಅದ್ದಿದ್ದಳು. ಮಸಣವನ್ನು ಹೇಗೆ ಕನ್ನಡಿಯ ಹಾಗೆ ಮಾಡಿಸಿದೆ, ಔಷಧಿಯನ್ನು ಹೇಗೆ ಎರಡರಷ್ಟು ಹಾಕಿಸಿದೆ ಎಂದು ನಾನು ಹೇಳುತ್ತಿರುವಾಗ ಶಾಮಲಮ್ಮನ ಕೈಯಿಂದ ಸೌಟು ಬಿತ್ತು. ಅವಳು ಎರಡು ಹೆಜ್ಜೆಗೆ ಬಂದು ಮಗಳ ಕೈಯ ತುತ್ತನ್ನು ಹೊಡೆದು ಬೀಳಿಸಿದಳು, ತಟ್ಟೆಯನ್ನು ಕಾಲಿನಿಂದ ದೂರ ತಳ್ಳಿದಳು.

"ಒಂದು ತುತ್ತಾದ್ರೂ ಒಳಗೆ ಹೋಯ್ತೇನೇ?"

ಇಲ್ಲಮ್ಮ ಎಂದಳು ತ್ರಿವೇಣಿ, ಏನೂ ಅರ್ಥವಾಗದೆ. ಶಾಮಲಮ್ಮ ಅವಳ ಬಾಯಿ ತೆರೆಸಿ ನೋಡಿದಳು, ಬೆರಳುಗಳನ್ನು ಒಂದೊಂದಾಗಿ ತೊಳೆದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಈ ಸೊಪ್ಪು ಅಲ್ಲೀದೇ ಕಣ್ರೀ. ತಿಂಗಳಿಂದ ದೊಡ್ಡಗಂಗಮ್ಮ ಮಸಾಣದಿಂದ ತಂದುಕೊಡ್ತಾವ್ಳೆ. ಊರಲ್ಲಿ ಔಷಧಿ ಹೊಡೀದೇ ಇರೋ ಜಾಗ ಅದೊಂದೇ ಉಳಿದಿತ್ತು."

ನನ್ನ ಹೊಟ್ಟೆಯಲ್ಲಿ ಎರಡು ಮುದ್ದೆಯೂ ಒಟ್ಟಿಗೆ ಎದ್ದು ನಿಂತವು. ಶಾಮಲಮ್ಮ ಒಂದು ಚೊಂಬು ಉಪ್ಪುನೀರು ನನ್ನ ಮುಂದೆ ಕುಕ್ಕಿ, ಕುಡಿದು ಕಕ್ಕಿ ಎಂದು ಹೇಳಿ ಬರಿಗಾಲಲ್ಲಿ ಬೀದಿಗೆ ಓಡಿದಳು. ನನಗೆ ಆಟೊ ತರಲು ಎಂದುಕೊಂಡೆ. ಅವಳು ಓಡಿದ್ದು ದೊಡ್ಡಗಂಗಮ್ಮನ ಮನೆಗೆ. ಆ ಮೊಮ್ಮಕ್ಕಳು ಶಾಲೆಯಲ್ಲಿ ಉಂಡು ಬರುವವು, ಸೊಪ್ಪು ರಾತ್ರಿಯ ಅಡುಗೆಗೆಂದು ಇನ್ನೂ ಹಸಿಯಾಗಿಯೇ ಮೊರದಲ್ಲಿತ್ತು. ಅದನ್ನು ಗುಂಡಿ ತೋಡಿ ಮುಚ್ಚಿ, ಆಮೇಲೆ ಆಟೊ ತಂದಳು. ಅಷ್ಟು ಹೊತ್ತು ನಾನು ನನ್ನ ಪೌಷ್ಟಿಕ ಕೈತೋಟದ 'ಬ್ರೊಕೊಲಿ' ಹಲಗೆಯನ್ನು ಹಿಡಿದುಕೊಂಡು ವಾಂತಿ ಮಾಡುತ್ತಿದ್ದೆ. ಬಾಗಿಲಲ್ಲಿ ನಿಂತು ಜೀವಸತ್ವಗಳ ಬಗ್ಗೆ ತಿಳಿಸುವವರು ಯಾರೂ ಇರಲಿಲ್ಲ.

ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ ತುರುಕಿದರು. ತೊಳೆದು ಬೇಯಿಸಿ ಬಸಿದಿದ್ದರಿಂದ ಒಳಗೆ ಹೋದ ವಿಷ ಕಡಿಮೆ, ಹೆದರಿಕೆಯೇ ಹೆಚ್ಚು ಎಂದು ಡಾಕ್ಟರು ಹೇಳಿದರು. ಬಸುರಿಯ ಹೊಟ್ಟೆಗೆ ಹೋಗಿದ್ದರೆ ಎಂದು ಶಾಮಲಮ್ಮ ಕೇಳಿದಳು. ಡಾಕ್ಟರು ನನ್ನ ನಾಡಿ ಹಿಡಿದರು. ಕಳೆ ಔಷಧಿ ಕೇಸು ಬಂದರೆ ಪೊಲೀಸರಿಗೆ ತಿಳಿಸಬೇಕಂತೆ. ಶ್ರೀಧರ್ ಎಂಬ ಕಾನ್‌ಸ್ಟೇಬಲ್ ಪುಸ್ತಕ ಹಿಡಿದು ಬಂದು ಮಂಚದ ಪಕ್ಕ ಕೂತ. ನಮ್ಮ ಕಡೆ ಈ ಔಷಧಿ ಹೊಟ್ಟೆಗೆ ಹೋಗುವುದು ಒಂದೇ ಕಾರಣಕ್ಕೆ, ಅವನು ಅಂಥವರನ್ನು ಬಹಳ ನೋಡಿದ್ದ.

"ಹೆದ್ರುಕೋಬೇಡಿ ಸಾರ್. ಸಾಲಾನಾ, ಮನೇಲಿ ಜಗಳಾನಾ?"

ಎರಡೂ ಅಲ್ಲ ಎಂದೆ. ಹಾಗಾದರೆ ಯಾಕೆ ತಗೊಂಡಿರಿ ಎಂದ. ಬಸ್ಸಾರು ರುಚಿಯಾಗಿತ್ತು ಎಂದೆ. ಅವನು ಬರೆಯುವುದನ್ನು ನಿಲ್ಲಿಸಿ ಶಾಮಲಮ್ಮನನ್ನು ನೋಡಿದ, ಆ ನೋಟ ಒಳ್ಳೆಯದಾಗಿರಲಿಲ್ಲ. ಹೆಂಡತಿಯ ತಲೆಗೆ ಬರುತ್ತದೆ ಎಂದು ಗೊತ್ತಾದ ಕೂಡಲೇ ನಾನು ಎದ್ದು ಕೂತು ಎಲ್ಲವನ್ನೂ ಹೇಳಿ ಬರೆಸಿದೆ. ಸಂಪನ್ಮೂಲ ವ್ಯಕ್ತಿಯಾದ ನಾನು, ಸ್ವಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ, ಮೊದಲು ನನ್ನ ಹಿತ್ತಲಿನ ಸೊಪ್ಪಿಗೆ, ಅನಂತರ ಊರ ಮಸಣದ ಸೊಪ್ಪಿಗೆ ವಿಷ ಹೊಡೆಸಿ, ಅದನ್ನೇ ಮೂರು ಸಲ ಬಡಿಸಿಕೊಂಡು ತಿಂದೆ. ಅಕ್ಕಪಕ್ಕದ ಮಂಚದವರು ನರಳುವುದನ್ನು ನಿಲ್ಲಿಸಿ ಕೇಳಿಸಿಕೊಂಡರು. ಕೆಳಗೆ ರುಜು ಹಾಕಿದೆ. ಗಣಿತದ ಮೇಷ್ಟ್ರ ರುಜು, ಅಲುಗಾಡದೆ ಬಂತು.

ದೊಡ್ಡಗಂಗಮ್ಮ ಸಂಜೆ ಬಸ್ಸಿಗೆ ನೋಡಲು ಬಂದಳು. ಬೆಳಗ್ಗೆ ಎಲೆ ಒದ್ದೆ ಇತ್ತು ಸಾಮಿ, ಮಂಜು ಅಂದುಕೊಂಡೆ, ನೆಗಡಿಗೆ ವಾಸನೆ ತಿಳೀಲಿಲ್ಲ ಎಂದು ಅತ್ತಳು. ತಪ್ಪು ಅವಳದೇ ಎಂಬಂತೆ ನನ್ನ ಕಾಲು ಮುಟ್ಟಲು ಬಗ್ಗಿದಳು, ನಾನು ಕಾಲು ಎಳೆದುಕೊಂಡೆ.

"ನಿಮ್ಮಮ್ಮನ ಮ್ಯಾಗಿದ್ದ ಗಣಿಕೆನೇ ಚೆಂದಾಗಿತ್ತು ಸಾಮಿ. ಅವ್ರ ಮೊಮ್ಮಗಳಿಗೇ ಹೋಗ್ಲಿ ಅಂತ ಅದನ್ನ ನಿಮ್ಮನೆಗೇ ಕಿತ್ಕೊಡ್ತಿದ್ದೆ."

ನಾನು ಆ ಕಡೆ ತಿರುಗಿ ಮಲಗಿದೆ. ಅಳು ಬಂತು, ನಳಿಗೆಯಿಂದ ಬಂತು ಎಂದು ನರ್ಸಿಗೆ ಹೇಳಿದೆ. ದೊಡ್ಡಗಂಗಮ್ಮ ಹೋದ ಮೇಲೆ ಶಾಮಲಮ್ಮನನ್ನು ಕೇಳಿದೆ, ತ್ರಿವೇಣಿಗೆ ಇನ್ನು ಸೊಪ್ಪಿಗೆ ಏನು ಮಾಡುವುದು, ನಾನೊಂದು ಯೋಚನೆ ಮಾಡಿದ್ದೇನೆ. ಅವಳು ನನ್ನ ಹೊದಿಕೆ ಸರಿಮಾಡಿದಳು. ದನಿ ಏರಿಸಲಿಲ್ಲ.

"ಏನೋ ಒಂದು ಮಾಡ್ತೀವಿ. ನಿಮಗೆ ತಿಳೀದ ಹಾಗೆ ಮಾಡ್ತೀವಿ."

ಅದು ಬೈಗುಳವಲ್ಲ, ಏರ್ಪಾಡು ಎಂದು ಮನೆಗೆ ಬಂದ ಮೇಲೆ ತಿಳಿಯಿತು. ಮಸಣ ಒಣಗಿ ಬೂದಿಯ ಬಣ್ಣಕ್ಕೆ ತಿರುಗಿತು, ಬಂದ ಮೇಲಿನವರು ಬಹಳ ಹೊಗಳಿ ಹೋದರು. ವಾರದಲ್ಲಿ ನಾಲ್ಕು ದಿನ ಶಾಮಲಮ್ಮನೂ ದೊಡ್ಡಗಂಗಮ್ಮನೂ ಬೆಳಕು ಹರಿಯುವ ಮುಂಚೆ ಎಲ್ಲಿಗೋ ಹೊರಡುತ್ತಾರೆ, ಹತ್ತಕ್ಕೆ ಮಡಿಲು ತುಂಬಿಸಿಕೊಂಡು ಬರುತ್ತಾರೆ. ಶಾಮಲಮ್ಮನ ಹಿಮ್ಮಡಿ ಒಡೆದಿದೆ. ಬಸ್ಸಿನಲ್ಲೋ, ನಡೆದೋ, ಕೆರೆ ಕಡೆಯೋ, ಗುಡ್ಡದ ಕಡೆಯೋ, ನನಗೆ ಗೊತ್ತಿಲ್ಲ. ನಾನು ಬಾವಿಯ ಹತ್ತಿರ ಬಂದರೆ ಹೆಂಗಸರು ಧಾರಾವಾಹಿಯ ಮಾತು ಶುರುಮಾಡುತ್ತಾರೆ. ದೊಡ್ಡಗಂಗಮ್ಮನ ಎರಡನೇ ಕ್ಲಾಸಿನ ಮೊಮ್ಮಗಳನ್ನು ಚಾಕಲೇಟು ಕೊಟ್ಟು ಕೇಳಿದೆ. ಅವಳು ಚಾಕಲೇಟು ಇಸ್ಕೊಂಡು, ತಾತಂಗೆ ಹೇಳ್ಬಾರ್ದಂತೆ ಎಂದು ಓಡಿಹೋದಳು.

ರಕ್ತ ಒಂಬತ್ತು ಪಾಯಿಂಟ್ ಒಂದಿರುವಾಗ ತ್ರಿವೇಣಿಗೆ ಹೆರಿಗೆಯಾಯಿತು. ಹೆಣ್ಣು ಮಗು, ಎರಡು ಕೇಜಿಗೆ ಸ್ವಲ್ಪ ಮೇಲೆ, ಹತ್ತು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟು ಕೊಟ್ಟರು. ನಡುವೆ ರಕ್ತ ಇಳಿದದ್ದು ಮಗುವಿನ ತೂಕದಲ್ಲಿ ಕಾಣುತ್ತಿದೆ ಎಂದು ಡಾಕ್ಟರಮ್ಮ ಹೇಳಿದರು, ನನ್ನನ್ನು ನೋಡಿ ಹೇಳಲಿಲ್ಲ, ಅದು ಅವರ ದೊಡ್ಡತನ. ಈಗ ಬಾಣಂತಿ ಮೊದಲು ಉಣ್ಣುತ್ತಾಳೆ, ಆಮೇಲೆ ಶಾಮಲಮ್ಮ. ಪಾತ್ರೆಯ ತಳದಲ್ಲಿ ಉಳಿದಿದ್ದರೆ ಅದನ್ನು ನನ್ನ ತಟ್ಟೆಗೆ ಸುರಿಯುತ್ತಾರೆ. ಯಾವ ಸೊಪ್ಪು, ಎಲ್ಲಿಯದು ಎಂದು ನಾನು ಕೇಳುವುದಿಲ್ಲ. ಅವರು ಹೇಳಿಬಿಟ್ಟಾರು ಎಂದು ಈಗ ನನಗೇ ಭಯ.